ಬೇಸಿಗೆಯ ರಾತ್ರಿ ಸಂತೆ: ಕರದಂಟಿನ ಪಕ್ಕದಲ್ಲಿ ಗೊಂಬೆ

ಗೋಕಾಕ ಎಂದೊಡನೆ ನಾಡಿನ ಯಾವ ಮೂಲೆಯವರಿಗೂ ನೆನಪಾಗುವುದು ಎರಡು ಸಂಗತಿ. ಒಂದು ಘಟಪ್ರಭೆಯ ಜಲಪಾತ, ಇನ್ನೊಂದು ಕರದಂಟು. ಮೂರನೆಯದೂ ಒಂದಿದೆ, ಅದನ್ನು ನೆನೆಯುವವರು ಮಾತ್ರ ಕಡಿಮೆಯಾಗುತ್ತ ಬಂದಿದ್ದಾರೆ. ಇಲ್ಲಿಯ ಜೀನಗಾರ ಮನೆತನದವರು ಹಗುರಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚುವ ಹಣ್ಣು, ಕಾಯಿಪಲ್ಯೆ, ದೇವರ ಮೂರ್ತಿ, ಗೊಂಬೆಗಳ ಕಸುಬು ಅದು. ಒಂದೇ ಊರು, ಒಂದೇ ಪೇಟೆ, ಎರಡಕ್ಕೂ ಊರಿನದೇ ಹೆಸರು. ಆದರೂ ಕರದಂಟಿನ ಅಂಗಡಿಗಳು ಬಸ್ ನಿಲ್ದಾಣದಿಂದ ಹಿಡಿದು ಪರವೂರಿನ ಹೆದ್ದಾರಿಯವರೆಗೆ ಹಬ್ಬಿವೆ, ಗೊಂಬೆ ಮಾಡುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಇದಕ್ಕೆ ಕಾರಣ ಕಸುಬುದಾರರ ಕೈಯಲ್ಲಿ ಇಲ್ಲ, ಅವರು ಕೊಳ್ಳುವವರನ್ನು ಕಾಣುವ ಜಾಗ ತಪ್ಪಿಹೋಗಿರುವುದರಲ್ಲಿ ಇದೆ ಎಂಬುದು ನನ್ನ ವಾದ. ಆ ಜಾಗವನ್ನು ಮರಳಿ ಕೊಡುವ ಸುಲಭದ ದಾರಿಯೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳಲ್ಲಿ ಬೇಸಿಗೆಯ ಉದ್ದಕ್ಕೂ ವಾರಕ್ಕೊಂದು ಸಂಜೆ ರಾತ್ರಿ ಸಂತೆ ನಡೆಸುವುದು. ಅದರಲ್ಲಿ ತಿನಿಸನ್ನೂ ಕಸುಬನ್ನೂ ಬೇರೆ ಬೇರೆ ಸಾಲಿನಲ್ಲಿ ಇಡದೆ ಒಂದರ ಪಕ್ಕ ಒಂದನ್ನು ಕೂಡಿಸುವುದು.

ಮೊದಲು ಈ ಎರಡು ಪದಾರ್ಥಗಳನ್ನು ಹತ್ತಿರದಿಂದ ನೋಡೋಣ. ಕರದಂಟು ಮಾಡುವವರು ಮರದ ಅಂಟನ್ನು ತುಪ್ಪದಲ್ಲಿ ಹಾಕಿದ ಕೂಡಲೇ ಅದು ಅರಳಿ, ಹಿಗ್ಗಿ, ಹಗುರಾಗುತ್ತದೆ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಒಣದ್ರಾಕ್ಷಿ, ಗಸಗಸೆಯೊಂದಿಗೆ ಅದನ್ನು ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಪಾಕ ಮುಂದಾದರೆ ತುಂಡು ಕಲ್ಲಾಗುತ್ತದೆ, ಹಿಂದಾದರೆ ಕೂಡುವುದೇ ಇಲ್ಲ. ಆ ಒಂದು ಕ್ಷಣದ ಲೆಕ್ಕ ಪುಸ್ತಕದಿಂದ ಬರುವುದಲ್ಲ. ಗೊಂಬೆಯ ಕೆಲಸದಲ್ಲಿಯೂ ಇಂಥದೇ ಸೂಕ್ಷ್ಮವಿದೆ, ಅಲ್ಲಿ ಅವಸರವಿಲ್ಲ ಅಷ್ಟೇ. ಕಟ್ಟಿಗೆಯನ್ನು ಒಣಗಿಸಿ, ಉಳಿಯಿಂದ ಕೆತ್ತಿ, ಸಂದುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆಪುಡಿ ತುಂಬಿ, ತಿಕ್ಕಿ ನಯ ಮಾಡಿ, ಬಿಳಿಯ ನೆಲೆ ಹಚ್ಚಿ, ಅದು ಒಣಗಿದ ಮೇಲೆ ಬಣ್ಣಕ್ಕೆ ಕೈ ಹಾಕಬೇಕು. ಪೇರಲಹಣ್ಣಿನ ಹಸಿರು ತೊಟ್ಟಿನಿಂದ ಕೆಳಗೆ ಇಳಿಯುತ್ತ ಎಲ್ಲಿ ಹಳದಿಗೆ ತಿರುಗುತ್ತದೆ, ಬಾಳೆಹಣ್ಣಿನ ಅಂಚಿನಲ್ಲಿ ಕಂದು ಗೀರು ಎಷ್ಟು ತೆಳ್ಳಗಿರಬೇಕು ಎಂಬುದು ಕುಂಚ ಹಿಡಿದವರಿಗೇ ಗೊತ್ತು. ಹಣ್ಣನ್ನು ಹರಿವಾಣದಲ್ಲಿಟ್ಟರೆ ನಿಜವಾದದ್ದೋ ಮಾಡಿದ್ದೋ ಎಂದು ಮುಟ್ಟಿಯೇ ತಿಳಿಯಬೇಕು. ಕೌಶಲದಲ್ಲಿ ಒಂದು ಇನ್ನೊಂದಕ್ಕಿಂತ ಕಡಿಮೆಯದಲ್ಲ. ವ್ಯತ್ಯಾಸವಿರುವುದು ಕೊಳ್ಳುವ ರೀತಿಯಲ್ಲಿ. ಕರದಂಟು ತಿಂದು ಮುಗಿಯುತ್ತದೆ. ಬಾಣಂತಿಗೆ, ಬೀಗರಿಗೆ, ಊರಿಗೆ ಹೋಗುವ ಮಗನಿಗೆ ಎಂದು ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಗೊಂಬೆ ಮುಗಿಯುವ ವಸ್ತುವಲ್ಲ, ಒಮ್ಮೆ ಕೊಂಡರೆ ಹತ್ತು ವರ್ಷ ಮನೆಯಲ್ಲಿರುತ್ತದೆ. ಹೀಗಾಗಿ ಗೊಂಬೆಗೆಂದೇ ಮನೆಯಿಂದ ಹೊರಡುವವರು ಕಡಿಮೆ. ಬೇರೊಂದು ನೆಪದಲ್ಲಿ ಬಂದವರ ಕಣ್ಣಿಗೆ ಬಿದ್ದಾಗ ಮಾತ್ರ ಅದು ಮಾರಾಟವಾಗುತ್ತದೆ. ಹಿಂದೆ ಆ ನೆಪ ಜಾತ್ರೆಯಾಗಿತ್ತು, ಸಂತೆಯಾಗಿತ್ತು. ತಿನಿಸಿನ ಅಂಗಡಿಗೆ ಬಂದ ಮಗು ಗೊಂಬೆಯ ಮುಂದೆ ಹಟ ಹಿಡಿದು ನಿಲ್ಲುತ್ತಿತ್ತು. ಗೊಂಬೆಗೆ ತಿನಿಸಿನ ನೆರೆ ತಪ್ಪಿದಾಗ ಗಿರಾಕಿಯೂ ತಪ್ಪಿದ.

ಸರಕಾರದ ಕರಕುಶಲ ಮಳಿಗೆಗಳಿವೆ, ಬೆಂಗಳೂರಿನಲ್ಲಿ ವಸ್ತುಪ್ರದರ್ಶನಗಳಾಗುತ್ತವೆ, ಈಗ ಮೊಬೈಲಿನಲ್ಲೇ ಮಾರಬಹುದು, ಮತ್ತೆ ಸಂತೆ ಯಾಕೆ ಎಂದು ಕೇಳುವವರಿದ್ದಾರೆ. ಆ ದಾರಿಗಳೆಲ್ಲ ಇರಲಿ, ಅವುಗಳಿಂದ ಸಹಾಯವೂ ಆಗಿದೆ. ಆದರೆ ದೂರದ ಮಾರುಕಟ್ಟೆಗೆ ಒಂದು ಗುಣವಿದೆ, ಅಲ್ಲಿ ವಸ್ತು ಹೋಗುತ್ತದೆ, ಮಾಡಿದವರು ಹಿಂದೆ ಉಳಿಯುತ್ತಾರೆ. ಕೊಲ್ಹಾಪುರಿ ಚಪ್ಪಲಿಯ ಕಥೆ ನಮ್ಮ ಕಣ್ಣಮುಂದೆಯೇ ನಡೆಯಿತು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿ ಕಡೆಯ ಕಸುಬುದಾರರು ಅದರ ನ್ಯಾಯವಾದ ಹಕ್ಕುದಾರರು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಬಗೆಯ ಚಪ್ಪಲಿಯನ್ನು ಮೆರೆಸಿದಾಗ ಅದರ ಮೂಲದ ಹೆಸರನ್ನೇ ಹೇಳಿರಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಆಗ ನಮಗೆಲ್ಲ ಸಿಟ್ಟು ಬಂತು, ಬರಲೇಬೇಕಿತ್ತು. ಆದರೆ ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟು ಮಕ್ಕಳು ಆ ಚಪ್ಪಲಿಯ ಹೆಣಿಗೆ ಹಾಕುವ ಕೈಯನ್ನು ಎದುರಿಗೆ ಕಂಡಿದ್ದಾರೆ? ದೂರದವರು ಮಾಡಿದವರ ಹೆಸರು ಹೇಳಬೇಕೆಂದು ಕೇಳುವ ನಾವು ಹತ್ತಿರದಲ್ಲಿ ಅವರನ್ನು ಕೂಡಿಸಿ ಮಾತಾಡಿಸುವ ಜಾಗ ಇಟ್ಟುಕೊಂಡಿಲ್ಲ. ಚೌಕಾಸಿ ಮಾಡುವವರು ಕುಂಚದ ಕೆಲಸವನ್ನು ಐದು ನಿಮಿಷ ನಿಂತು ನೋಡಿದರೆ ಸಾಕು, ಬೆಲೆಯ ಬಗ್ಗೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ಮೊಬೈಲಿನ ಚಿತ್ರದಲ್ಲಿ ಪ್ಲಾಸ್ಟಿಕ್ಕಿನ ಹಣ್ಣೂ ಗೋಕಾಕದ ಹಣ್ಣೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಹಿಡಿದಾಗ ಮಾತ್ರ ಬೇರೆ.

ಇನ್ನು ಸಂತೆ ರಾತ್ರಿಯೇ ಯಾಕೆ, ಬೇಸಿಗೆಯಲ್ಲೇ ಯಾಕೆ ಎಂಬ ಪ್ರಶ್ನೆ. ಚೈತ್ರ ವೈಶಾಖದಲ್ಲಿ ಈ ಭಾಗದ ಬಿಸಿಲು 38, 40 ಡಿಗ್ರಿ ಮುಟ್ಟುತ್ತದೆ. ಹನ್ನೊಂದು ಗಂಟೆಗೆಲ್ಲ ಪೇಟೆ ಬಿಕೋ ಎನ್ನುತ್ತದೆ, ಹೊತ್ತು ಇಳಿದ ಮೇಲೆಯೇ ಮತ್ತೆ ಜೀವ ಬರುತ್ತದೆ. ತಾಡಪತ್ರಿಯ ಕೆಳಗೆ ಮಧ್ಯಾಹ್ನವಿಡೀ ಕೂಡುವ ಗಡಿಗೆ ಮಾರುವ ಮುದುಕಿಯ ಕಷ್ಟ ಒಂದು ಕಡೆ ಇರಲಿ, ಆ ಹೊತ್ತಿನಲ್ಲಿ ಕೊಳ್ಳಲು ಬರುವವರೂ ಇಲ್ಲ. ಇದೇ ಕಾಲದಲ್ಲಿ ಶಾಲೆಗೆ ಸೂಟಿ, ಮನೆ ತುಂಬ ಮಕ್ಕಳು, ತವರಿಗೆ ಬಂದ ಹೆಣ್ಣುಮಕ್ಕಳು, ಲಗ್ನಸರಾಯಿಯೂ ಇದೇ. ಕಬ್ಬು ಕಾರ್ಖಾನೆಗೆ ಹೋಗಿ ಮುಗಿದಿರುತ್ತದೆ, ಮುಂಗಾರಿನ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ವರ್ಷದಲ್ಲಿ ರೈತರ ಮನೆಯವರಿಗೆ ಸಂಜೆ ಬಿಡುವು ಸಿಗುವ ಕಾಲ ಇದೊಂದೇ. ಇನ್ನೊಂದು ಮಾತನ್ನು ನಾನು ಮುಖ್ಯವೆಂದು ತಿಳಿದಿದ್ದೇನೆ. ಗೋಕಾಕದ ವಿಚಾರ ಬಂದಾಗಲೆಲ್ಲ ಪ್ರವಾಸೋದ್ಯಮದ ಮಾತು ಬರುತ್ತದೆ. ಮಾರುಕಟ್ಟೆ ಮಾಡುವುದಾದರೆ ಫಾಲ್ಸಿನ ಹತ್ತಿರ ಮಾಡಿ, ಹೊರಗಿನವರು ಕೊಳ್ಳುತ್ತಾರೆ ಎನ್ನುತ್ತಾರೆ. ಆದರೆ ಆ ಜಲಪಾತ 170 ಅಡಿ ಎತ್ತರದಿಂದ ಧುಮುಕುವುದನ್ನು ನೋಡಲು ಜನ ಬರುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಕಾಣುತ್ತದೆ. ಹಾಗಾದರೆ ಬೇಸಿಗೆಯ ಸಂತೆ ಯಾರಿಗಾಗಿ? ಇಲ್ಲಿಯವರಿಗಾಗಿಯೇ. ನನ್ನ ದೃಷ್ಟಿಯಲ್ಲಿ ಇದು ಕೊರತೆ ಅಲ್ಲ, ಇದೇ ಅದರ ಬಲ. ಮೂರು ತಿಂಗಳು ಬಂದು ಹೋಗುವ ಪ್ರವಾಸಿಗರನ್ನು ನೆಚ್ಚಿದ ಕಸುಬು ಅವರ ರುಚಿಗೆ ತಕ್ಕಂತೆ ಬಣ್ಣ ಬದಲಿಸುತ್ತ ಹೋಗುತ್ತದೆ. ಪಕ್ಕದ ಓಣಿಯವರು ಕೊಳ್ಳುವ ಕಸುಬಿಗೆ ಆ ಗತಿ ಬರುವುದಿಲ್ಲ, ಯಾಕೆಂದರೆ ಯಾವುದು ಸರಿ, ಯಾವುದು ತಪ್ಪು ಎಂದು ಅವರಿಗೆ ಗೊತ್ತಿರುತ್ತದೆ.

ರಾತ್ರಿ ಎಂಬುದು ಈ ನೆಲಕ್ಕೆ ಹೊಸದೂ ಅಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲೂಕಿನಲ್ಲಿದೆ. ಆ ಆಟಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ಬೆಳತನಕ ನಡೆಯುವ ಆ ಆಟದ ಸುತ್ತ ಚಹಾ, ಚುರುಮುರಿ, ಭಜಿ, ಬಳೆ, ಪೀಪಿಯ ಅಂಗಡಿಗಳು ತಾವಾಗಿಯೇ ಹುಟ್ಟುತ್ತಿದ್ದವು. ಘಟಪ್ರಭೆಯ ನೀರಿನ ಬಲದಿಂದ 1887ರಿಂದ ನಡೆದ ಗೋಕಾಕ ಮಿಲ್ಲು ಪಾಳಿಯ ದುಡಿಮೆಯನ್ನು ತಂದು, ಹಗಲೊಂದೇ ದುಡಿಯುವ ಹೊತ್ತಲ್ಲ ಎಂಬುದನ್ನು ಒಂದು ಇಡೀ ಊರಿಗೆ ಕಲಿಸಿತು. 2025ರಲ್ಲಿ ಗೋಕಾಕದ ಗ್ರಾಮದೇವತೆಯ ಜಾತ್ರೆ ನಡೆದಾಗ ನೆರೆದ ಜನಸಂದಣಿ ಎಲ್ಲರಿಗೂ ಗೊತ್ತು. ಜಾತ್ರೆಯ ಪೇಟೆ ರಂಗೇರುವುದು ದೀಪ ಹತ್ತಿದ ಮೇಲೆಯೇ. ಜಾತ್ರೆಗಳು ವರ್ಷಕ್ಕೊಮ್ಮೆ, ಕೆಲವು ಅನೇಕ ವರ್ಷಗಳಿಗೊಮ್ಮೆ. ಒಂದು ಕಸುಬಿನ ಮನೆಗೆ ಅಷ್ಟು ದಿನ ಕಾಯಲು ಆಗುವುದಿಲ್ಲ. ವಾರದ ಲೆಕ್ಕದಲ್ಲಿ ಕೈಗೆ ಹಣ ಬಂದರೆ ಮಾತ್ರ ಮಗ ಉಳಿ ಹಿಡಿಯುತ್ತಾನೆ, ಇಲ್ಲವಾದರೆ ಗೌಂಡಿ ಕೆಲಸಕ್ಕೋ ಪುಣೆಗೋ ಹೋಗುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ.

ಮೂರು ಊರು ಎಂದೆ, ಅದಕ್ಕೂ ಕಾರಣವಿದೆ. ಮೂಡಲಗಿ 2018ರವರೆಗೆ ಗೋಕಾಕ ತಾಲೂಕಿನ ಭಾಗವಾಗಿತ್ತು. ನಂಟು, ಬಸ್ಸು, ಪೇಟೆ ಎಲ್ಲ ಒಂದೇ. ಅದರ ಸುತ್ತ ಕಬ್ಬಿನ ಹೊಲ, ಬೆಲ್ಲದ ಗಾಣ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಇದೆ, ಹಣ್ಣಿನಿಂದ ಏನೇನು ಮಾಡಬಹುದು ಎಂಬುದನ್ನು ಓದುವ ಹುಡುಗರಿದ್ದಾರೆ. ಹುಕ್ಕೇರಿಯ ಕಡೆ ಸಂಕೇಶ್ವರದ ಮೆಣಸಿನಕಾಯಿ ಇದೆ. ಬೇಸಿಗೆ ಬಂತೆಂದರೆ ಮನೆ ಮನೆಯಲ್ಲಿ ವರ್ಷದ ಖಾರ ಕುಟ್ಟಿಸುವ, ಹಪ್ಪಳ ಒತ್ತುವ, ಸಂಡಿಗೆ ಹಾಕುವ, ಶಾವಿಗೆ ಎಳೆಯುವ ಕೆಲಸ. ಈಗ ಎಷ್ಟೋ ಮನೆಗಳಲ್ಲಿ ಇದನ್ನು ಮಾಡಲು ಪುರುಸೊತ್ತಿಲ್ಲ, ಆದರೆ ತಿನ್ನುವ ಆಸೆ ಹೋಗಿಲ್ಲ. ಇನ್ನೊಂದೆಡೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಇದನ್ನೇ ಮಾಡಿಟ್ಟುಕೊಂಡು ಗಿರಾಕಿಯ ದಾರಿ ಕಾಯುತ್ತಿದ್ದಾರೆ. ಹಳೆಯ ಸೀರೆಯ ಪದರು ಪದರು ಕೂಡಿಸಿ ಕೌದಿ ಹೊಲಿಯುವವರು, ಕಂಬಳಿ ನೇಯುವ ಕುರುಬರು, ಹರವಿ ಗಡಿಗೆ ಮಾಡುವ ಕುಂಬಾರರು ಮೂರೂ ತಾಲೂಕುಗಳಲ್ಲಿ ಇದ್ದಾರೆ. ಒಂದೇ ಊರಿನಲ್ಲಿ ವಾರವಾರವೂ ಸಂತೆ ಇಟ್ಟರೆ ಅಷ್ಟು ಸರಕು ಕೂಡುವುದಿಲ್ಲ, ಕೊಳ್ಳುವವರಿಗೂ ಬೇಗ ಬೇಸರವಾಗುತ್ತದೆ. ಒಂದು ವಾರ ಗೋಕಾಕ, ಮುಂದಿನ ವಾರ ಮೂಡಲಗಿ, ಅದರ ಮುಂದಿನ ವಾರ ಹುಕ್ಕೇರಿ ಎಂದು ಸುತ್ತಿ ಬಂದರೆ ಮಾರುವವರಿಗೆ ಪ್ರತಿ ವಾರವೂ ಸಂತೆ, ಕೊಳ್ಳುವವರಿಗೆ ಮೂರು ವಾರಕ್ಕೊಮ್ಮೆ ಹಬ್ಬ. ಒಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೊಂದು ಲೋಟ ಮಸಾಲೆ ಮಜ್ಜಿಗೆ ಎಂದು ಬಂದವರು ಕೈಯಲ್ಲೊಂದು ಗಡಿಗೆ ಹಿಡಿದುಕೊಂಡು ಹೋಗುತ್ತಾರೆ.

ಇಂಥ ಸಂತೆಗೆ ಬರುವ ಆಕ್ಷೇಪಗಳಲ್ಲಿ ಕಾಯಂ ಅಂಗಡಿಯವರದು ಗಂಭೀರವಾದದ್ದು. ನಾವು ಬಾಡಿಗೆ ಕಟ್ಟುತ್ತೇವೆ, ತೆರಿಗೆ ಕಟ್ಟುತ್ತೇವೆ, ಒಂದು ಸಂಜೆ ಬಂದು ಕೂಡುವವರು ನಮ್ಮ ವ್ಯಾಪಾರ ಕಸಿಯುತ್ತಾರೆ ಎನ್ನುತ್ತಾರೆ. ಅಹಮದಾಬಾದಿನ ಮಾಣೆಕ್ ಚೌಕ ಇದಕ್ಕೆ ಒಂದು ಉತ್ತರ: ಬೆಳಿಗ್ಗೆ ಕಾಯಿಪಲ್ಯೆ, ಹಗಲು ಬಂಗಾರ ಬೆಳ್ಳಿ, ರಾತ್ರಿ ತಿನಿಸು, ಹೀಗೆ ಒಂದೇ ನೆಲ ಮೂರು ಹೊತ್ತಿಗೆ ಮೂರು ಪೇಟೆಯಾಗುತ್ತದೆ. ಇಂದೋರಿನ ಸರಾಫಾದಲ್ಲಿ ಒಡವೆಯ ಅಂಗಡಿ ಬಾಗಿಲು ಹಾಕಿದ ಮೇಲೆ ಅದೇ ಕಟ್ಟೆಯ ಮುಂದೆ ತಿನಿಸಿನವರು ಒಲೆ ಹಚ್ಚುತ್ತಾರೆ, ನಡುರಾತ್ರಿ ದಾಟುವವರೆಗೂ ಜನ ಕರಗುವುದಿಲ್ಲ. ಆದರೆ ಪೂರ್ತಿ ಸತ್ಯ ಹೇಳಬೇಕು. ಇಕ್ಕಟ್ಟಾದ ಆ ಓಣಿಯಲ್ಲಿ ಗ್ಯಾಸಿನ ಸಿಲಿಂಡರುಗಳ ಸಾಲು ನೋಡಿ ಅಲ್ಲಿಯ ಸರಾಫರು ಹೆದರಿದ್ದಾರೆ, ದೂರಿದ್ದಾರೆ. ಆ ದೂರಿನಲ್ಲಿ ತಥ್ಯವಿದೆ. ಅದಕ್ಕೇ ನಮ್ಮಲ್ಲಿ ಪೇಟೆಯ ಓಣಿ ಬೇಡ, ಬಯಲು ಬೇಕು. ಕಾಯಂ ಅಂಗಡಿಯವರಿಗೂ ಅಲ್ಲಿ ಜಾಗ ಕೊಡಬೇಕು; ಕರದಂಟಿನವರು ಬಾರದೆ ಈ ಸಂತೆ ನಿಲ್ಲುವುದಿಲ್ಲ. ಅವರು ತಮ್ಮ ಹೆಸರಿನಿಂದ ಜನ ತರುತ್ತಾರೆ, ಪಕ್ಕದ ಗೊಂಬೆಯವರಿಗೆ ಆ ಜನ ಸಿಗುತ್ತಾರೆ. ತಿನಿಸಿನವರಿಗೂ ಇದರಲ್ಲಿ ನಷ್ಟವಿಲ್ಲ: ಗೊಂಬೆ ನೋಡುತ್ತ ನಿಂತ ಮನೆಮಂದಿಗೆ ಅರ್ಧ ತಾಸಿನಲ್ಲಿ ಮತ್ತೆ ಹಸಿವೆಯಾಗುತ್ತದೆ.

ಗದ್ದಲ, ಕಸ, ಹೆಣ್ಣುಮಕ್ಕಳ ಸುರಕ್ಷತೆ ಎಂಬ ಆಕ್ಷೇಪಗಳೂ ಇವೆ. ಗದ್ದಲಕ್ಕೆ ಕಾನೂನೇ ಗೆರೆ ಎಳೆದಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ. ಸಂಜೆ 6ಕ್ಕೆ ಶುರುವಾದ ಸಂತೆ 10ಕ್ಕೆ ಮುಗಿಯಲಿ, ಕೊನೆಯ ಬಸ್ಸಿಗೆ ಹಳ್ಳಿಯವರು ಹತ್ತಲಿ. ಮೈಕೇ ಇಲ್ಲದಿದ್ದರೆ ಇನ್ನೂ ಚೆಂದ. ಕಸದ ಮಾತು ಬಂದಾಗ ಮತ್ತೆ ಇಂದೋರನ್ನೇ ನೋಡಬೇಕು. ರಾತ್ರಿಯಿಡೀ ತಿನ್ನುವ ಊರು ಎಂದು ಹೆಸರಾದ ಅದೇ ಇಂದೋರು 2017ರಿಂದ ವರ್ಷ ವರ್ಷ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆಯುತ್ತ ಬಂತು. ತಿನಿಸಿನ ಪೇಟೆಯಿಂದ ಊರು ಹೊಲಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಖಂಡನೆ ಬೇಕಿಲ್ಲ. ಕಸ ಎತ್ತುವ ವ್ಯವಸ್ಥೆ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಅನಿಸುವುದು, ಅವರು ಗಿರಾಕಿಗಳಾಗಿ ಮಾತ್ರ ಬರುವ ಜಾಗಕ್ಕಿಂತ ಅರ್ಧ ಅಂಗಡಿ ಅವರವೇ ಇರುವ ಜಾಗ ಹೆಚ್ಚು ಸುರಕ್ಷಿತ. ರೊಟ್ಟಿ, ಶಾವಿಗೆ, ಕೌದಿ ಮಾರುವವರು ಅವರೇ ಅಲ್ಲವೆ? ಬೆಳಕು, ಕುಡಿಯುವ ನೀರು, ಶೌಚಾಲಯ ಈ ಮೂರು ಇಲ್ಲದೆ ಸಂತೆ ಶುರು ಮಾಡಲೇಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಬೆಳಕಿನ ಮಾತಿಗೆ ಹುಕ್ಕೇರಿಯನ್ನು ನೆನೆಯದೆ ಇರುವಂತಿಲ್ಲ. ರೈತರೇ ಸದಸ್ಯರಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದಶಕಗಳಿಂದ ಆ ತಾಲೂಕಿನಲ್ಲಿ ಮನೆ ಮನೆಗೆ ಕರೆಂಟು ಹಂಚುತ್ತಿದೆ, ರಾಜ್ಯದಲ್ಲೇ ಅಪರೂಪದ ಸಂಸ್ಥೆ ಅದು. ಕೂಡಿ ದೀಪ ಹಚ್ಚುವ ರೂಢಿ ಇರುವ ಊರಿಗೆ ನೂರು ಬಲ್ಬಿನ ಬಯಲು ಕಷ್ಟವಾಗಲಾರದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವ ಆಕ್ಷೇಪ ಬೇರೆ. ನಾಲ್ಕು ವಾರ ಕಳೆಯುವುದರೊಳಗೆ ಗೋಬಿ ಮಂಚೂರಿ, ಪ್ಲಾಸ್ಟಿಕ್ ಆಟಿಕೆ, ಮೊಬೈಲ್ ಕವರಿನ ಗಾಡಿಗಳು ನಡುವಿನ ಸಾಲು ಹಿಡಿದು, ಕುಂಬಾರರೂ ಜೀನಗಾರರೂ ಗಟಾರಿನ ದಂಡೆಗೆ ಸರಿಯುತ್ತಾರೆ ಎಂಬುದು. ಹಾಗಾಗುವುದು ಖಂಡಿತ, ತಡೆಯದಿದ್ದರೆ. ಬಣ್ಣ ಬೆರೆಸಿದ ಗೋಬಿಗೂ ಬೊಂಬಾಯಿ ಮಿಠಾಯಿಗೂ 2024ರ ಮಾರ್ಚಿನಲ್ಲಿ ರಾಜ್ಯ ಸರಕಾರವೇ ನಿಷೇಧ ಹಾಕಬೇಕಾಯಿತು, ಅಂಥದನ್ನು ಸಂತೆಯ ಹತ್ತಿರವೂ ಸೇರಿಸಬೇಕಿಲ್ಲ. ಉಳಿದ ಗಾಡಿಯವರೂ ಹೊಟ್ಟೆಪಾಡಿಗೆ ಬಂದವರೇ, ಅವರನ್ನು ಅಟ್ಟುವ ಮಾತು ಸರಿಯಲ್ಲ. ಆದರೆ ಮೊದಲ ಸಾಲು ತಾವೇ ಮಾಡಿ ತಾವೇ ಮಾರುವವರಿಗೆ ಎಂಬ ಒಂದು ನಿಯಮ ಗಟ್ಟಿಯಾಗಿ ನಿಲ್ಲಬೇಕು. ಯಾರು ಈ ನಿಯಮ ಕಾಯಬೇಕು? ಅದಕ್ಕೆ ಹೊಸ ಸಮಿತಿ ಬೇಡ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರತಿ ಪಟ್ಟಣಕ್ಕೂ ಪಟ್ಟಣ ಮಾರಾಟ ಸಮಿತಿ ಇರಬೇಕೆಂದು ಹೇಳುತ್ತದೆ. ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿಗಳಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳು. ಗೋಕಾಕದ ನಗರಸಭೆ, ಮೂಡಲಗಿ ಮತ್ತು ಹುಕ್ಕೇರಿಯ ಪುರಸಭೆಗಳು ಈ ಸಮಿತಿಗೇ ಸಂತೆಯ ಕೀಲಿಕೈ ಕೊಡಲಿ. ಜಾಗವನ್ನು ಹರಾಜು ಹಾಕಿದರೆ ಹಣವಿದ್ದವರು ಹತ್ತು ಜಾಗ ಹಿಡಿದು ಒಳಬಾಡಿಗೆಗೆ ಕೊಡುತ್ತಾರೆ. ಚೀಟಿ ಎತ್ತಿ ಹಂಚಿದರೆ ಆ ದಾರಿ ಮುಚ್ಚುತ್ತದೆ. ಮೊದಲ ಎರಡು ಬೇಸಿಗೆ ಕಸುಬಿನವರಿಂದ ನೆಲಬಾಡಿಗೆ ತೆಗೆದುಕೊಳ್ಳದಿದ್ದರೆ ಪುರಸಭೆಯ ಬೊಕ್ಕಸಕ್ಕೆ ಆಗುವ ನಷ್ಟ ತೀರ ಸಣ್ಣದು.

ಸಂತೆಗೆ ಕಟ್ಟಡ ಕಟ್ಟಬೇಕೆಂದು ಯಾರಾದರೂ ಮುಂದೆ ಬಂದರೆ ಬೇಡವೆನ್ನಬೇಕು. ಕಟ್ಟಿದ ಮಳಿಗೆಗೆ ಬೀಗ ಬೀಳುವುದನ್ನು ಎಲ್ಲ ಊರುಗಳಲ್ಲೂ ನೋಡುತ್ತೇವೆ. ಮೇಲಾಗಿ ಗೋಕಾಕದಲ್ಲಿ ಹೊಳೆಯ ಲೆಕ್ಕವೂ ಇದೆ: 2019ರ ಆಗಸ್ಟಿನಲ್ಲಿ ಪ್ರವಾಹ ಬಂದಾಗ ಪೇಟೆಯೊಳಗೇ ನೀರು ನಿಂತಿತ್ತು. ಕಂಬ, ತಾಡಪತ್ರಿ, ಹಲಗೆ, ದೀಪದ ಸರ ಇಷ್ಟಿದ್ದರೆ ಬೇಸಿಗೆಗೆ ಸಾಕು, ಮಳೆ ಬಂದಾಗ ಬಿಚ್ಚಿಡಬಹುದು. ಯುಗಾದಿ ಕಳೆದ ವಾರ ಮೊದಲ ಸಂತೆ ಕೂಡಲಿ. ಹೊಸ ವರ್ಷದ ಗಡಿಗೆ, ಹೊಸ ಬೆಲ್ಲ, ಹೊಸ ಖಾರ ಆಗಲೇ ಮಾರಾಟಕ್ಕೆ ಬರುತ್ತವೆ. ಕೊನೆಯ ಸಂತೆ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ ಇರಲಿ. ಅಂದು ಮಣ್ಣಿನ ಎತ್ತು ಬೇಡದ ಮನೆ ಈ ಮೂರು ತಾಲೂಕಿನಲ್ಲಿ ಅಪರೂಪ. ಕುಂಬಾರರ ಜೋಡಿ ಎತ್ತುಗಳ ಪಕ್ಕದಲ್ಲೇ ಜೀನಗಾರರೂ ಬಣ್ಣ ಹಚ್ಚಿದ ಕಟ್ಟಿಗೆಯ ಎತ್ತುಗಳನ್ನು ಇಟ್ಟು ನೋಡಲಿ, ಯಾವುದು ಎಷ್ಟು ಹೋಯಿತೆಂದು ಸಮಿತಿಯವರು ಬರೆದಿಟ್ಟುಕೊಳ್ಳಲಿ, ಮರುವರ್ಷದ ಸಾಲುಗಳನ್ನು ಆ ಲೆಕ್ಕ ನೋಡಿಯೇ ಹಂಚಲಿ.